ಮೂಸಿ ನೋಡಿ ಬರೆ

ನವೆಂಬರ್ ೧೮, ಮಂಗಳವಾರ

ಪ್ರೀತಿಯ ತಂಗಿ ಸೋಲ್ವೆಗ್‌ಗೆ,

ನಿನ್ನ ಗುನ್ವೋರಕ್ಕನ ನೆನಪುಗಳು. ಹೇಗಿದ್ದೀಯೆ? ನಿನ್ನ ಯಜಮಾನ ಹಲ್ಡೋರ್ ಅವರ ಮಂಡಿನೋವು ಇಳಿಯಿತೇ, ಇಲ್ಲ ಇನ್ನೂ ಅರ್ಧ ಮೆಟ್ಟಿಲಲ್ಲಿ ನಿಂತು ಮನೆ ಕಟ್ಟಿದವನನ್ನು ಬೈಯುತ್ತಿದ್ದಾರೆಯೇ? ಮೊಮ್ಮಗಳು ಬಿರ್ನಾಗೆ ಕೆಮ್ಮು ಎಂದು ನೀನು ಬರೆದಿದ್ದೆ. ಮೀನೆಣ್ಣೆ ತಪ್ಪಿಸಬೇಡ, ಮುಖ ಸಿಂಡರಿಸಿದರೂ ಕುಡಿಸು. ನಾನು ಇದ್ದೇನೆ. ಸ್ವಲ್ಪ ಶೀತ, ಅಷ್ಟೇ.

ಈ ವರ್ಷ ಅಕ್ಟೋಬರ್ ಮುಗಿದರೂ ಪ್ರವಾಸಿಗಳ ಬಸ್ಸು ನಮ್ಮ ಮನೆಗೆ ಬರುವುದು ನಿಲ್ಲಲಿಲ್ಲ. ಬರುತ್ತಾರೆ, ಒಣಮೀನಿಗೆ ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಾರೆ, ರೈ ರೊಟ್ಟಿಯನ್ನು ಹೊಗಳುತ್ತಾರೆ. ಆಮೇಲೆ ನಾನು ಮೂಗು ಮುಚ್ಚುವಂತೆ ನಾರುವ, ಕೊಳೆಸಿ ಒಣಗಿಸಿದ ಶಾರ್ಕಿನ ತಟ್ಟೆ ತಂದಿಡುತ್ತಲೇ ಎಲ್ಲರ ಫೋನೂ ಮೇಲೇಳುತ್ತದೆ. ಒಬ್ಬರು ತಿನ್ನುವುದು, ಉಳಿದವರು ಅವರ ಮುಖದ ಚಿತ್ರ ತೆಗೆಯುವುದು. ಮೇಲೆ ಒಂದು ಗುಟುಕು ಬ್ರೆನಿವಿನ್ ಸಾರಾಯಿ, ಮತ್ತೆ ಕೆಮ್ಮು, ನಗು. ನಾನೂ ನಗಬೇಕು. ಕತ್ತರಿಸಿ ಕೈ ನೋಯುವುದಿಲ್ಲ ಕಣೆ, ನಕ್ಕು ನಕ್ಕು ದವಡೆ ಸೋಲುತ್ತದೆ.

ಕಳೆದ ವಾರ ಅಂಥದೇ ಒಂದು ಬಸ್ಸು ಬಂದಿದ್ದಾಗ ಪಕ್ಕದ ಮನೆಯ ಥೋರ್ಗ್ರಿಮುರ್ ಒಳಗೆ ಬಂದ. ನೆನಪಿದೆಯಲ್ಲ, ದೋಣಿಯವನು, ಈ ಸಲದ ಶಾರ್ಕನ್ನು ಹಿಡಿದು ತಂದವನೂ ಅವನೇ. ಹೇಳದೆ ಕೇಳದೆ ಒಂದು ಚೂರು ಬಾಯಿಗೆ ಹಾಕಿಕೊಂಡ. ಅಗಿಯುವುದನ್ನು ನಿಲ್ಲಿಸಿದ.

“ಇದಿನ್ನೂ ಹಸಿ ಇದೆ ಕಣಕ್ಕ,” ಅಂದ. “ಮೂಗಿಗೇನು ರಜಾ ಕೊಟ್ಟಿದ್ದೀಯಾ?”

“ಬ್ರೆನಿವಿನ್ ಕುಡಿದೂ ಕುಡಿದೂ ನಿನ್ನ ನಾಲಿಗೇನೇ ಸತ್ತುಹೋಗಿದೆ. ಹೋಗೋ, ಬಲೆ ಹೊಲಿಯೋಗು,” ಅಂದೆ.

ನಗುತ್ತಾ ಹೋದ. ನಾನು ಮೆಲ್ಲಗೆ ತಟ್ಟೆ ಒಳಗೆ ತೆಗೆದೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಪ್ರವಾಸಿಗಳಿಗೆ ಹದವಾದದ್ದೂ ಒಂದೇ, ಹಸಿಯೂ ಒಂದೇ, ಎರಡಕ್ಕೂ ಅದೇ ಮುಖ.

ಬಸ್ಸು ಹೋದ ಮೇಲೆ ಒಣಗಿಸುವ ಕೊಟ್ಟಿಗೆಗೆ ಹೋದೆ. ಒಂದು ದಪ್ಪ ತುಂಡನ್ನು ಕೊಯ್ದು ಮೂಗಿಗೆ ಹಿಡಿದೆ. ಮಂಜುಗಡ್ಡೆ ಹಿಡಿದಂತಿತ್ತು. ಬೇಸಿಗೆಯೆಲ್ಲ ಜಲ್ಲಿಯಡಿ ಹುಗಿದು, ಕಲ್ಲು ಹೇರಿ, ಆಮೇಲೆ ಗಾಳಿಗೆ ತೂಗುಹಾಕಿದ ಶಾರ್ಕು. ಅದರೆದುರು ನಿಂತು ನನಗೆ ಏನೂ ತಿಳಿಯಲಿಲ್ಲ. ಮನೆಗೆ ಬಂದು ಕಾಫಿ ಡಬ್ಬಿಗೆ ಮೂಗಿಟ್ಟೆ. ಅದೂ ಅಷ್ಟೇ. ಶೀತದಿಂದ ಇರಬೇಕು.

ನಡುಚಳಿಗಾಲದ ಥೋರಿ ಹಬ್ಬದ ಊಟ ಜನವರಿಯಲ್ಲಿ. ಊರಿಗೆಲ್ಲ ಶಾರ್ಕು ನಮ್ಮ ಕೊಟ್ಟಿಗೆಯಿಂದಲೇ ಹೋಗಬೇಕು, ಅಪ್ಪನ ಕಾಲದಿಂದ ಹಾಗೇ ಬಂದಿದೆ. ತೂಗುಹಾಕಿದ್ದನ್ನು ಬೇಗ ಇಳಿಸಿದರೆ ವಿಷ ಪೂರ್ತಿ ಹೋಗಿರುವುದಿಲ್ಲ, ತಿಂದವರು ಹಾಸಿಗೆ ಹಿಡಿಯುತ್ತಾರೆ. ತಡಮಾಡಿದರೆ ಒಣಗಿ ಸೌದೆ. ಮೇಲಿನ ಕಂದು ಸಿಪ್ಪೆಯನ್ನು ಕಣ್ಣು ಹೇಳುತ್ತದೆ, ಒಳಗಿನದನ್ನು ಮೂಗೇ ಹೇಳಬೇಕು. ಥೋರ್ಗ್ರಿಮುರ್‌ನನ್ನು ಕೇಳಬಹುದಿತ್ತು. ಆದರೆ ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಬಂದರಿಗೆಲ್ಲ ಗೊತ್ತಾಗುತ್ತದೆ. ಪಟ್ಟಣದಿಂದ ಪ್ಲಾಸ್ಟಿಕ್ ಡಬ್ಬಿಯ ಶಾರ್ಕು ತರಿಸೋಣ ಎಂದು ಹಬ್ಬದ ಸಮಿತಿಯವರು ಮೊದಲೇ ಕಾಯುತ್ತಿದ್ದಾರೆ. ಒಮ್ಮೆ ಅದು ಬಂದರೆ ನಮ್ಮ ಕೊಟ್ಟಿಗೆಗೆ ಬೀಗವೇ. ಸದ್ಯಕ್ಕೆ ಸೊಂಟನೋವು ಎಂದು ಹೇಳಿ ಪ್ರವಾಸಿಗಳ ತಟ್ಟೆ ನಿಲ್ಲಿಸಿದ್ದೇನೆ.

ಅಪ್ಪ ನಮ್ಮಿಬ್ಬರ ಕಣ್ಣಿಗೂ ಉಣ್ಣೆಯ ಶಾಲು ಕಟ್ಟಿ ತುಂಡು ಮೂಸಿಸುತ್ತಿದ್ದನಲ್ಲ. ಹಸಿಯೋ ಹದವೋ ಎಂದು ಪ್ರತಿ ಸಲವೂ ಸರಿಯಾಗಿ ಹೇಳುತ್ತಿದ್ದವಳು ನೀನು. ಹೇಳಿ, ಶಾಲು ಕಿತ್ತೆಸೆದು, ಕಡಲ ದಡಕ್ಕೆ ಓಡಿ ವಾಂತಿ ಮಾಡುತ್ತಿದ್ದೆ. “ದೇವರು ಮೂಗನ್ನ ಕಿರಿಯಳಿಗೆ ಕೊಟ್ಟ, ಹೊಟ್ಟೇನ ಹಿರಿಯಳಿಗೆ ಕೊಟ್ಟ,” ಅಂತ ಅಪ್ಪ ನಗುತ್ತಿದ್ದ. ಈ ನಾತಕ್ಕೇ ಅಲ್ಲವೇ ನೀನು ಆಕುರೇರಿಗೆ ಮದುವೆಯಾಗಿ ಹೋದದ್ದು? ನನ್ನ ಕಾಗದ ಬಂದರೆ ಬಾಲ್ಕನಿಯ ಹಗ್ಗಕ್ಕೆ ಸಿಕ್ಕಿಸಿ, ಗಾಳಿಯಾಡಿಸಿ, ಆಮೇಲೆ ಓದುತ್ತೇನೆ ಎಂದು ನೀನೇ ಬರೆದಿದ್ದೆ. ಅದನ್ನು ಓದಿ ನಾನು ಎಷ್ಟು ನಕ್ಕಿದ್ದೆ ಆಗ.

ಹಿಮ ಬಿದ್ದು ರಸ್ತೆ ಮುಚ್ಚುವ ಮೊದಲು ಬಂದು ಹೋಗು ಎಂದು ಕೇಳಬೇಕೆಂದು ಕೂತೆ. ಹಲ್ಡೋರ್ ಅವರ ಮಂಡಿ, ಮಗುವಿನ ಕೆಮ್ಮು ನೆನೆದರೆ ಕೇಳಲು ಬಾಯಿ ಬರುವುದಿಲ್ಲ. ಬರದಿದ್ದರೂ ಬೇಜಾರಿಲ್ಲ. ಉತ್ತರ ಮಾತ್ರ ಬೇಗ ಬರೆ.

ನಿನ್ನ ಅಕ್ಕ,
ಗುನ್ವೋರ್

ಮರೆತದ್ದು: ಶೀತ ಎಂದು ಬರೆದೆನಲ್ಲ, ಅದು ಮೇ ತಿಂಗಳಲ್ಲೇ ವಾಸಿಯಾಯಿತು. ಮೂಗು ಮಾತ್ರ ವಾಪಸು ಬರಲಿಲ್ಲ. ಲಕೋಟೆಯೊಳಗೆ ಮೇಣದ ಕಾಗದದಲ್ಲಿ ಒಂದು ಚೂರು ಸುತ್ತಿ ಇಟ್ಟಿದ್ದೇನೆ. ತುಂಡಿನ ನಡುವಿನಿಂದ ಕೊಯ್ದದ್ದು. ಈ ಸಲ ಬಾಲ್ಕನಿಗೆ ಹಾಕಬೇಡ ತಂಗಿ. ಕಣ್ಣು ಮುಚ್ಚಿ ಮೂಸು. ವಾಂತಿ ಬಂದರೆ ಮಾಡು, ಆದರೆ ಮೊದಲು ಹೇಳು: ಇಳಿಸಲೋ, ಬೇಡವೋ? ಒಂದೇ ಪದ ಸಾಕು. ಬೇಗ ಬರೆ.