ಒಂದೇ ಪೂಜೆಯಲ್ಲಿ ಎರಡು ಯಂತ್ರ: ಯುರೋಪಿನ ವಿದೇಶಾಂಗ ಮುಖ್ಯಸ್ಥರಿಗೆ

ಯುರೋಪಿನ ವಿದೇಶಾಂಗ ನೀತಿಯ ಹೊಣೆ ಹೊತ್ತ ಮಾನ್ಯರೇ,

ನನಗೆ ಹೊಟ್ಟೆಕಿಚ್ಚಾಗಿದೆ. ಸುತ್ತಿ ಬಳಸಿ ಹೇಳುವಷ್ಟು ತಾಳ್ಮೆ ಉಳಿದಿಲ್ಲ. ಸಿಂಗಪುರದ ಸೆಲೆಟಾರ್‌ನಲ್ಲಿ ವಿಮಾನದ ಹೈಡ್ರಾಲಿಕ್ ಪಂಪುಗಳನ್ನು ರಿಪೇರಿ ಮಾಡುವ ಘಟಕವೊಂದರಲ್ಲಿ ನಾನು ಟೀಮ್ ಲೀಡ್. ರಿಪೇರಿಯಾದ ಪಂಪನ್ನು ಪರೀಕ್ಷಿಸುವ ನಮ್ಮ ಯಂತ್ರ ನಿಮ್ಮ ಕಡೆಯದು. ಅದರ ಕಂಟ್ರೋಲ್ ಬೋರ್ಡ್ ಕೆಟ್ಟಿದೆ. ಹೊಸದನ್ನು ಕಳಿಸಲು ನಿಮ್ಮ ಒಕ್ಕೂಟದ ಒಂದು ದೇಶದ ರಫ್ತು ಕಚೇರಿ ಅನುಮತಿ ಕೊಡಬೇಕು. ದಸರೆಗೆ ಮೊದಲು ಕೇಳಿದೆವು, ಯುಗಾದಿಯೂ ಕಳೆಯಿತು. ಹೌದು ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. ಘಟಕ ಮುಚ್ಚಿದರೆ ನನ್ನ ವರ್ಕ್ ಪಾಸ್ ರದ್ದಾಗುತ್ತದೆ, ಪಾಸ್ ಹೋದರೆ ನಾನು ಈ ದೇಶ ಬಿಡಬೇಕು.

ಎದುರು ಘಟಕದಲ್ಲಿ ನಿಶ್ಚಿತಾ ಇದ್ದಾಳೆ. ಮೈಸೂರಿನ ಕಾಲೇಜಿನಲ್ಲಿ ಒಂದೇ ಬೆಂಚು, ಇಲ್ಲಿ ಬೆಡೋಕ್‌ನಲ್ಲಿ ಅಕ್ಕಪಕ್ಕದ ಬ್ಲಾಕು. ಅವರ ಯಂತ್ರ ಚೀನಾದ್ದು. ಹಾಕರ್ ಸೆಂಟರಿನ ತಿಂಡಿ ಅಂಗಡಿಯಲ್ಲಿ ಕಾಫಿ ಕುಡಿಯುತ್ತ ಅವಳು ಕೇಳುತ್ತಾಳೆ, "ಏನೇ, ನಿಮ್ಮ ಬೋರ್ಡ್ ಇನ್ನೂ ಬಂದಿಲ್ವಾ? ನಮ್ದು ಆರ್ಡರ್ ಮಾಡಿದ ವಾರಕ್ಕೇ ಡೆಲಿವರ್ ಆಯ್ತು ಕಣೇ." ಪಾಪ, ಕನಿಕರದಿಂದಲೇ ಕೇಳುತ್ತಾಳೆ. ಆ ಕನಿಕರವೇ ನನ್ನ ಮೈ ಉರಿಸುತ್ತದೆ.

ತಡ ಏಕಾಯಿತೆಂದು ಬಲ್ಲಿರಾ? ಆಯುಧಪೂಜೆಯಿಂದ. ನಮ್ಮ ಘಟಕದಲ್ಲಿ ಅರ್ಧದಷ್ಟು ಜನ ಕರ್ನಾಟಕ, ತಮಿಳುನಾಡಿನವರು. ಬೂದುಗುಂಬಳ ಒಡೆಯಲು ಸೇಫ್ಟಿಯವರು ಒಪ್ಪಲಿಲ್ಲ, ಉಳಿದದ್ದೆಲ್ಲ ಸಾಂಗವಾಗಿ ನಡೆಯಿತು. ನಿಮ್ಮ ಯಂತ್ರಕ್ಕೆ ನಾನೇ ಗಂಧ, ಕುಂಕುಮ ಇಟ್ಟು ದೊಡ್ಡ ಸೇವಂತಿಗೆ ಹಾರ ಹಾಕಿದೆ. ಪಕ್ಕದಲ್ಲಿ ಚೀನಾದ ಏರ್ ಕಂಪ್ರೆಸರ್ ಇತ್ತು. ಪೂಜೆಯ ದಿನ ಒಂದನ್ನು ಬಿಟ್ಟು ಇನ್ನೊಂದಕ್ಕೆ ಮಾಡುವುದುಂಟೇ? ಅದಕ್ಕೂ ಒಂದು ಮೊಳ ಹೂವು ಮುಡಿಸಿದೆ. ಎಲ್ಲರೂ ನಿಂತು ತೆಗೆಸಿಕೊಂಡ ಫೋಟೊವನ್ನು ಕಂಪನಿಯ ಪುಟಕ್ಕೆ ಹಾಕಿದವಳೂ ನಾನೇ. ರಫ್ತು ಕಚೇರಿ ಅದನ್ನು ನೋಡಿತು. ಎರಡು ಯಂತ್ರಗಳ ನಡುವಿನ ಸಂಬಂಧವೇನು, ಒಂದೇ ಸಮಾರಂಭದಲ್ಲಿ ಎರಡನ್ನೂ ಏಕೆ ಸೇರಿಸಲಾಯಿತು, ಫಲಕದ ಮೇಲಿನ ಕೆಂಪು ಗುರುತು ಏನನ್ನು ಸೂಚಿಸುತ್ತದೆ ಎಂದು ವಿವರಣೆ ಕೇಳಿತು. ಕಂಪ್ರೆಸರ್ ಗಾಳಿ ತುಂಬುತ್ತದೆ, ಅಷ್ಟೇ ಸಂಬಂಧ ಎಂದು ವಿಡಿಯೊ ಕರೆಯಲ್ಲಿ ಹೇಳಿದೆ. ಕುಂಕುಮದ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಅಧಿಕಾರಿಗಳು ಬಹಳ ಸೌಜನ್ಯದಿಂದ ಕೇಳಿಸಿಕೊಂಡು, ವಿಷಯ ಪರಿಶೀಲನೆಯಲ್ಲಿದೆ ಎಂದರು.

ಅದು ನಮ್ಮ ಕಚೇರಿಯಲ್ಲ ಎಂದು ಜಾರಿಕೊಳ್ಳಬೇಡಿ. ಅನುಮತಿ ಅವರದಿರಬಹುದು, ಯುರೋಪಿನ ತಂತ್ರಜ್ಞಾನ ಚೀನಾದ ಕೈಸೇರೀತೆಂಬ ಅನುಮಾನ ನಿಮ್ಮ ನೀತಿಯದು. ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಬಾಗಿಲಲ್ಲೇ ಯುದ್ಧ. ರಕ್ಷಣೆಗೆ ಅಮೆರಿಕ ಬೇಕು, ವ್ಯಾಪಾರಕ್ಕೆ ಚೀನಾ ಬೇಕು, ಎರಡರ ಮೇಲೂ ನಂಬಿಕೆಯಿಲ್ಲ. ಒಂದು ಮಾತು ಆಡಬೇಕಾದರೆ ಇಪ್ಪತ್ತೇಳು ದೇಶಗಳು ತಲೆಯಾಡಿಸಬೇಕು. ಆದರೆ ಒಂದು ಪ್ರಶ್ನೆ. ಈ ಊರಿಗೆ ಬಂದಾಗಲೆಲ್ಲ ವೇದಿಕೆಯ ಮೇಲೆ ನಮ್ಮನ್ನು ವಿಶ್ವಾಸಾರ್ಹ ಪಾಲುದಾರರು ಎಂದು ಹೊಗಳುತ್ತೀರಲ್ಲ, ಪಾಲುದಾರರ ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ಇಣುಕಿ ನೋಡುವುದು ವಿಶ್ವಾಸವೇ? ಎಲ್ಲರ ಹಡಗೂ ಬರುವ ಊರು ಇದು. ಇಲ್ಲಿ ಯಾರ ಪಕ್ಕದಲ್ಲಿ ಯಾರೂ ಇಲ್ಲದ ಫೋಟೊ ತೆಗೆಯಲು ಸಾಧ್ಯವೇ?

ನನ್ನದು ಸವತಿ ಮತ್ಸರವೆಂದರೆ ಅನ್ನಿ, ಒಪ್ಪುತ್ತೇನೆ. ನಿಮ್ಮನ್ನು ಹೆದರಿಸುವವರ ಜೊತೆ ಶೃಂಗಸಭೆ ನಡೆಸುತ್ತೀರಿ, ಸುಂಕ ಹಾಕುವವರ ಮನೆಗೆ ವಿಮಾನ ಹತ್ತಿ ಹೋಗುತ್ತೀರಿ. ಬೈಸಿಕೊಳ್ಳುವುದಕ್ಕಾದರೂ ಅವರಿಗೆ ನಿಮ್ಮ ಸಮಯ ಸಿಗುತ್ತದೆ. ನಿಮ್ಮನ್ನು ಮೆಚ್ಚಿ, ನಿಮ್ಮ ಯಂತ್ರ ಕೊಂಡು, ನಿಯಮ ಪಾಲಿಸಿ ಸುಮ್ಮನೆ ಕೂತವಳಿಗೆ ಒಂದು ಇಮೇಲೂ ಇಲ್ಲ. ನಾನೂ ಒಂದಿಷ್ಟು ಹೆದರಿಸಬೇಕಿತ್ತೇ?

ನಿನ್ನೆ ಲಿಫ್ಟಿನ ಬಳಿ ನಿಶ್ಚಿತಾ ನನ್ನನ್ನು ನಿಲ್ಲಿಸಿದಳು. "ನಮ್ಮಲ್ಲಿ ಟೀಮ್ ಲೀಡ್ ಓಪನಿಂಗ್ ಇದೆ. ಹೊಸ ಪಾಸ್ ಅವ್ರೇ ಮಾಡಿಸ್ತಾರೆ. ನಿನ್ನ ಹೆಸರು ಹೇಳಿದೀನಿ."

"ನಮ್ದು ಬೋರ್ಡ್ ಬಂದ್ಬಿಟ್ರೆ?"

"ಬರುತ್ತೆ ಅಂತ ನಿಂಗೆ ಅನ್ಸುತ್ತಾ?"

ನಾನು ಲಿಫ್ಟಿನ ಗುಂಡಿ ಒತ್ತಿದೆ. "ಶುಕ್ರವಾರದೊಳಗೆ ಹೇಳು," ಅಂದಳು. ನನ್ನ ಹೊಟ್ಟೆಕಿಚ್ಚಿಗೆ ಕಾರಣಳಾದವಳೇ ನನ್ನ ಕೈ ಹಿಡಿಯಲು ಬಂದಿದ್ದಾಳೆ. ಇದಕ್ಕಿಂತ ಅವಮಾನ ಬೇರೇನಿದೆ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಶುಕ್ರವಾರದೊಳಗೆ ಆ ಕಚೇರಿಯಿಂದ ಹೌದು ಅನ್ನಿಸಿ, ಅಥವಾ ಇಲ್ಲ ಅನ್ನಿಸಿ. ಇಲ್ಲ ಎಂದರೂ ಗೌರವ ಉಳಿಯುತ್ತದೆ. ಏನೂ ಹೇಳದಿದ್ದರೆ ಸೋಮವಾರದಿಂದ ನಾನು ಎದುರಿನ ಘಟಕದ ಸಮವಸ್ತ್ರದಲ್ಲಿರುತ್ತೇನೆ. ಆಮೇಲೆ ಯಾವುದೋ ಸಭೆಯಲ್ಲಿ ನೀವು, ಏಷ್ಯಾ ಆ ಕಡೆಗೆ ವಾಲುತ್ತಿದೆ ಎಂದು ಆತಂಕ ವ್ಯಕ್ತಪಡಿಸುತ್ತೀರಿ. ಆಗ ದಯವಿಟ್ಟು ಒಂದು ತಿದ್ದುಪಡಿ ಮಾಡಿಕೊಳ್ಳಿ. ನಾವು ವಾಲಲಿಲ್ಲ. ನಿಮಗಾಗಿ ಕಾದೆವು, ನೀವು ಬರಲಿಲ್ಲ.

ಇಂತಿ,
ಶುಕ್ರವಾರದವರೆಗೆ ಮಾತ್ರ ನಿಮ್ಮವಳಾದ
ಪ್ರಣತಿ
ಬೆಡೋಕ್, ಸಿಂಗಪುರ