ಡೆಲ್ಮರ್ ಆರಿಸಿದ ದನಿ

ಡುಲುತ್, ಮಿನ್ನೆಸೋಟ
ಫೆಬ್ರುವರಿ 11, ಬುಧವಾರ

ಪ್ರೀತಿಯ ಲವೋನ್ ಅಕ್ಕಾ,

ಮಂಡಿನೋವು ಹೇಗಿದೆ? ಅರಿಜೋನದ ಬಿಸಿಲಲ್ಲಿ ಕೂತು ಕಿತ್ತಳೆ ಸುಲಿಯುತ್ತಾ ‘ಅಯ್ಯೋ ನೋವು’ ಅಂತ ಬರೆಯುತ್ತೀಯಲ್ಲ, ನಾಚಿಕೆಯಾಗಬೇಕು ನಿನಗೆ. ಇಲ್ಲಿ ಸರೋವರ ಹೆಪ್ಪುಗಟ್ಟಿದೆ. ಕಾರಿನ ಬಾಗಿಲು ತೆಗೆಯಲು ಡೆಲ್ಮರ್ ಬೆಳಿಗ್ಗೆ ಅದಕ್ಕೆ ಒದೆಯಬೇಕಾಯಿತು. ನಾನು ಚೆನ್ನಾಗಿದ್ದೇನೆ. ಹೀಗೆ ಬರೆದು ಬರೆದು ನನಗೇ ಬೇಸರ ಬಂದಿದೆ.

ಕಳೆದ ಬೇಸಿಗೆಯಲ್ಲಿ ನನ್ನ ಮುಖದ ಎಡಭಾಗ ಸೋತಿತ್ತಲ್ಲ, ಮುಖವೇನೋ ಮರಳಿತು. ತುಟಿಯ ಆ ಮೂಲೆ ಮರಳಲಿಲ್ಲ. ನೋಡಿದವರಿಗೆ ಗೊತ್ತಾಗುವುದಿಲ್ಲ, ನಾನು ಊದುವ ಕೊಳಲಿಗೆ ಗೊತ್ತಾಗುತ್ತದೆ. ಕೆಳಗಿನ ಸ್ವರಗಳಲ್ಲಿ ಬರೀ ಗಾಳಿ, ಕುಕ್ಕರ್ ಸೋರಿದ ಹಾಗೆ. ಇದನ್ನು ಡೆಲ್ಮರ್‌ಗೆ ಹೇಗೆ ಹೇಳಲಿ? ಮೂರು ಹೊತ್ತೂ ಬಿಸಿ ಬಟ್ಟೆಯಿಂದ ನನ್ನ ಕೆನ್ನೆ ಒತ್ತಿದವನು ಅವನು. ‘ನನ್ನ ಹೆಂಡ್ತಿ ಪೂರ್ತಿ ಹುಷಾರಾದ್ಲು’ ಅಂತ ಚರ್ಚಿನಲ್ಲೆಲ್ಲ ಸಾರಿಕೊಂಡು ಬಂದಿದ್ದಾನೆ. ದನಿ ಸರಿಯಿಲ್ಲ ಎಂದು ಬಾಯಿ ತಪ್ಪಿ ಅಂದದ್ದೇ ತಡ, ‘ಲೇ ಆರ್ಲಿಸ್, ತಪ್ಪು ನಿಂದಲ್ಲ ಕಣೇ, ಆ ಹಳೇ ಪೀಪಿದು!’ ಎಂದುಬಿಟ್ಟ.

ಕೊಳಲು ಪೂರ್ತಿ ಬದಲಿಸಬೇಕಿಲ್ಲ, ಊದುವ ತಲೆತುಂಡು ಬದಲಿಸಿದರೆ ಸಾಕು ಎಂದು ಎಲ್ಲೋ ಓದಿ, ಪರೀಕ್ಷೆಗೆಂದು ಮೂರು ತರಿಸಿದ. ಶನಿವಾರ ಅಡುಗೆಮನೆಯಲ್ಲಿ ಶಾಸ್ತ್ರ. ಯಾವುದು ಯಾವುದೆಂದು ಕೇಳುವವನಿಗೆ ಕಾಣಬಾರದಲ್ಲ, ಅದಕ್ಕೇ ಫ್ರಿಜ್ ಕಡೆ ಮುಖ ಮಾಡಿ ಕುರ್ಚಿ ಹಾಕಿಕೊಂಡು ಕೂತ. ಮೊದಲನೆಯದನ್ನು ಊದಿದೆ. ‘ಥೂ, ಇದೂ ಬುಸ್ ಅಂತಿದೆ’ ಎಂದ. ಎರಡನೆಯದರಲ್ಲಿ ಮೇಲಿನ ಸ್ವರಕ್ಕೆ ಹೋಗಿದ್ದೇ, ಅವನ ಕಿವಿಯ ಯಂತ್ರಗಳು ಕುಯ್ ಎಂದು ಕಿರುಚಿದವು. ಬೈದುಕೊಂಡು ಎರಡೂ ಕಿವಿಯಿಂದ ಅವನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಯಂತ್ರ ಇಲ್ಲದಿದ್ದರೆ ನಮ್ಮ ಚಹಾ ಕೆಟಲ್ಲು ಕೂಗಿದರೂ ಅವನಿಗೆ ಕೇಳಿಸುವುದಿಲ್ಲ. ಇನ್ನು ಬುಸ್ ಎಲ್ಲಿಂದ ಕೇಳೀತು? ಮೂರನೆಯದನ್ನು ಊದಿ ಮುಗಿಸುವಷ್ಟರಲ್ಲಿ ಅವನ ಹೆಗಲು ಅಲ್ಲಾಡುತ್ತಿತ್ತು. ತಿರುಗಿದಾಗ ಕಣ್ಣಲ್ಲಿ ನೀರು. ‘ಇದೇ ಕಣೇ! ಒಂಚೂರೂ ಗಾಳಿ ಇಲ್ಲ! ಮದುವೆ ಆದಾಗ ಹಿಂಗೇ ನುಡಿಸ್ತಿದ್ದೆ!’

ಜೇಬು ತೋರಿಸಿ ನಿಜ ಹೇಳಬಹುದಿತ್ತು. ಆ ಮುಖ ನೋಡಿ, ಅಕ್ಕಾ, ನಾನೂ ಅತ್ತೆ. ಸಂತೋಷಕ್ಕೆ ಅಂದುಕೊಂಡ. ಆ ಮೂರನೆಯದನ್ನು ಇಟ್ಟುಕೊಂಡು ಉಳಿದ ಎರಡನ್ನು ಸೋಮವಾರ ಅಂಗಡಿಗೆ ವಾಪಸು ಕಳಿಸಿದೆವು. ಅವನು ಅಷ್ಟು ಒಳ್ಳೆಯವನು ಅಲ್ಲದಿದ್ದರೆ ನನಗೆ ಉಸಿರಾಡಲು ಜಾಗವಾದರೂ ಇರುತ್ತಿತ್ತು.

ಬಿಸಿಲಿದೆ ಎಂದು ಕುಣಿಯಬೇಡ, ಮಂಡಿ ಜೋಪಾನ. ನಿನ್ನ ಮುದಿ ಬೆಕ್ಕಿಗೂ ನನ್ನ ನೆನಪು ಹೇಳು.

ನಿನ್ನ ತಂಗಿ,
ಆರ್ಲಿಸ್

ವಿ.ಸೂ.: ಇದನ್ನು ಅಂಚೆಗೆ ಹಾಕಲು ಡೆಲ್ಮರ್ ಬೂಟು ಹಾಕಿಕೊಳ್ಳುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಏಪ್ರಿಲ್ ಸಂಗೀತ ಕಚೇರಿಗೆಂದು ಅವನು ನಿನಗೆ ಕಳಿಸಿದ ಟಿಕೆಟ್ ಹರಿದುಹಾಕು. ನಾನು ವಾದ್ಯವೃಂದ ಬಿಟ್ಟದ್ದು ಅಕ್ಟೋಬರಿನಲ್ಲೇ. ಈಗಲೂ ಪ್ರತಿ ಮಂಗಳವಾರ ಸಂಜೆ ಅವನು ಮುತ್ತಿಟ್ಟು ಅಭ್ಯಾಸಕ್ಕೆ ಕಳಿಸುತ್ತಾನೆ. ನಾನು ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಕೊಳಲನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತೇನೆ. ನಿನ್ನೆಯೂ ಅಲ್ಲೇ ಕೂತಿದ್ದೆ. ಮನೆಗೆ ಬಂದರೆ ಬಾಗಿಲಲ್ಲೇ ನಿಂತಿದ್ದ: ‘ಹೊಸ ದನಿ ಕೇಳಿ ಎಲ್ರೂ ಏನಂದ್ರು?’ ಹೊಗಳಿದರು ಎಂದೆ. ಏಪ್ರಿಲ್‌ವರೆಗೆ ಕಾಯಬೇಡ ಅಕ್ಕಾ, ಈಗಲೇ ಬಾ. ಅವನಿಗೆ ನಿಜ ಹೇಳುವಾಗ ನನ್ನ ಪಕ್ಕದಲ್ಲಿ ಯಾರಾದರೂ ಇರಬೇಕು.