ಚಾಚಿದ ಕೈ

ಪ್ರವಾಸಿ ವಸತಿಗೃಹ, ಎರಡನೇ ಮಹಡಿ
ಮಂಗಳವಾರ, ಹನ್ನೆರಡನೇ ತಾರೀಕು

ಪ್ರೀತಿಯ ಚಿನಕುರುಳಿಯ ಅಮ್ಮಾ,

ಮಗು ಹೋದ ಮೇಲೂ ಹೀಗೆ ಕರೆಯಬಹುದೋ ಇಲ್ಲವೋ ತಿಳಿಯದು. ಮದುವೆಯಾದ ಹೊಸತರಲ್ಲಿ ಏನೆಂದು ಕರೆಯುತ್ತಿದ್ದೆನೋ ಅದು ಈಗ ನಾಲಿಗೆಗೆ ಬರುತ್ತಿಲ್ಲ. ಹೇಗಿದ್ದೀಯ? ನಿದ್ದೆ ಬರುತ್ತಿದೆಯಾ? ನಿಮ್ಮ ಅಮ್ಮನ ಮಂಡಿನೋವು ಹೇಗಿದೆ? ನಾನು ಗುಂಡುಕಲ್ಲಿನ ಹಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ತವರಿಗೆ ಹೊರಟಾಗ ನೀನು, "ಹಿಂದೇನೇ ಬರ್ಬೇಡಿ, ಯಾವಾಗ ಬರ್ಬೇಕು ಅಂತ ನಾನೇ ಹೇಳ್ತೀನಿ" ಅಂದಿದ್ದೆ. ವರ್ಷವಾಯಿತು, ನೀನು ಹೇಳಲಿಲ್ಲ. ಕಾಗದ ಬರೆಯಬೇಡಿ ಅಂದಿರಲಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ವಾಸ್ತುಶಿಲ್ಪ ಕಾಲೇಜಿನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹೊಸಕಾಲದ ಪ್ರಾರ್ಥನಾಮಂದಿರಗಳನ್ನು ನೋಡಲು ಬಂದಿದ್ದೇನೆ. ಗೋಪುರವಿಲ್ಲ, ಕೆತ್ತನೆಯಿಲ್ಲ, ಗಾರೆ ಕಾಣದ ಕಾಂಕ್ರೀಟು, ಎರಕ ಹೊಯ್ದ ಹಲಗೆಗಳ ಗೆರೆ ಹಾಗೇ ಮೂಡಿದ ಗೋಡೆ. ಹಿಂದೆ ಇಂಥದ್ದೊಂದನ್ನು ತೋರಿಸಿದಾಗ ನೀನು, "ಪಾಪ, ದೇವರನ್ನ ಗೋಡೌನಿಗೆ ಹಾಕ್ಬಿಟ್ಟಿದ್ದೀರಲ್ಲ!" ಎಂದು ನಕ್ಕಿದ್ದೆ. ಅವತ್ತಿನಿಂದ ನಾನು ನಿನಗೆ ಗೋಡೌನ್ ಮೇಷ್ಟ್ರು. ಇವತ್ತಿನ ಮಂದಿರಕ್ಕೆ ಬಂದಿದ್ದರೆ ಮಾತ್ರ ನೀನೂ ನಗುತ್ತಿರಲಿಲ್ಲ. ಛಾವಣಿಗೂ ಗೋಡೆಗೂ ನಡುವೆ ಅಂಗೈಯಗಲ ಸಂದು ಬಿಟ್ಟಿದ್ದಾರೆ, ಸುತ್ತಲೂ ಅಲ್ಲಿಂದಲೇ ಬೆಳಕು. ಅಷ್ಟು ಭಾರವನ್ನು ಹೊತ್ತ ಕಂಬ ಎಲ್ಲಿ ಅಡಗಿದೆ, ಹುಡುಕಿ ಎಂದು ಹುಡುಗರಿಗೆ ಹೇಳಿ ನಾನು ಬೆಂಚಿನ ಮೇಲೆ ಚಿತ್ರ ಬರೆಯಲು ಕೂತೆ.

ನಿನಗೆ ಗೊತ್ತಲ್ಲ, ಕಟ್ಟಡ ಬರೆದಾಗ ಪಕ್ಕದಲ್ಲೊಬ್ಬ ಮನುಷ್ಯನನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಅದು ಬೆಂಕಿಪೊಟ್ಟಣವೋ ಬೆಟ್ಟವೋ ತಿಳಿಯುವುದಿಲ್ಲ. ನನ್ನ ಚಿತ್ರಗಳಲ್ಲಿ ಮೊದಲಿನಿಂದಲೂ ಅಲ್ಲಿ ನಿಲ್ಲುವವಳು ನೀನೇ. ಆಮೇಲೆ ನಿನ್ನ ಕೈ ಹಿಡಿದು ಚಿನಕುರುಳಿ ಬಂದಳು. "ಅಪ್ಪಾ, ನನ್ನ ಜುಟ್ಟು ಮರ್ತಿದ್ದೀಯ!" ಎಂದು ಎಷ್ಟು ಸಲ ಪೆನ್ಸಿಲ್ ಕಿತ್ತುಕೊಂಡಿದ್ದಾಳೋ. ಇವತ್ತೂ ನನ್ನ ಕೈ ತನ್ನ ಪಾಡಿಗೆ ತಾನು ನಿಮ್ಮಿಬ್ಬರನ್ನೂ ಬರೆದುಬಿಟ್ಟಿತು, ಜುಟ್ಟಿನ ಸಮೇತ. ಹಿಂದೆ ನಿಂತಿದ್ದ ವಿದ್ಯಾರ್ಥಿನಿಯೊಬ್ಬಳು, "ಸರ್, ನಿಮ್ಮ ಮಗಳಾ? ಈಗ ಎಷ್ಟೆತ್ತರ ಆಗಿದ್ದಾಳೆ?" ಅಂದಳು. ಹೊಸಬಳು, ಅವಳಿಗೇನು ಗೊತ್ತು. "ಅಷ್ಟೇ ಇದ್ದಾಳಮ್ಮ" ಅಂದೆ. ಆ ಹಾಳು ಜ್ವರ ಬರದಿದ್ದರೆ ಇಷ್ಟು ಹೊತ್ತಿಗೆ ನಿನ್ನ ಸೊಂಟ ದಾಟಿರುತ್ತಿದ್ದಳು. ಊರಿಗೆಲ್ಲ ಅಳತೆ ಕಲಿಸುವ ನಾನು ಅವಳನ್ನು ಇನ್ನೂ ಸೊಂಟದವರೆಗೇ ಬರೆಯುತ್ತಿದ್ದೇನೆ ಕಣೇ. ಮಣ್ಣು ಮಾಡಿದ ದಿನವೂ ಅಳದವನು ಅಲ್ಲಿ ಕೂತು ಅತ್ತೆ. ಆ ಮಂದಿರದಲ್ಲಿ ಒಮ್ಮೆ ಕೆಮ್ಮಿದರೆ ನಾಲ್ಕು ಸಲ ಕೇಳುತ್ತದೆ, ನನ್ನ ಅಳುವೂ ಹಾಗೇ ಕೇಳಿತು. ಹುಡುಗರು ಒಬ್ಬೊಬ್ಬರಾಗಿ ಹೊರಗೆ ಹೋದರು.

ಅಮ್ಮನಿಗೆ ನಮಸ್ಕಾರ ತಿಳಿಸು. ಎರಡು ತುತ್ತು ಜಾಸ್ತಿ ಉಣ್ಣು.

ನಿನ್ನವನೇ ಆದ,
ಗೋಡೌನ್ ಮೇಷ್ಟ್ರು

ತಾ.ಕ.: ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಚಿತ್ರದಿಂದ ಅವಳನ್ನು ಅಳಿಸಿದೆ. ಜುಟ್ಟಿನ ಗುರುತು ಹೋಗಲಿಲ್ಲ. ನಿನ್ನ ಕೈ ಮಾತ್ರ ಹಾಗೇ ಚಾಚಿಕೊಂಡಿದೆ, ಅದನ್ನೇನು ಮಾಡಲಿ? ಬರೆಯುವವನು ನಾನೆಂದು ಇಷ್ಟು ವರ್ಷ ಯಾವ ಚಿತ್ರದಲ್ಲೂ ನಿನ್ನ ಪಕ್ಕ ನಾನು ನಿಂತವನಲ್ಲ. ಭಾನುವಾರ ಬೆಳಗ್ಗೆ ನಮ್ಮ ಬಸ್ಸು ನಿಮ್ಮೂರಿನ ಮೇಲೇ ಹೋಗುತ್ತದೆ. ನೀನು ನಿಲ್ದಾಣದಲ್ಲಿ ಕಂಡರೆ ಇಳಿಯುತ್ತೇನೆ. ಕಾಣದಿದ್ದರೆ ಕಿಟಕಿ ಪಕ್ಕ ಸುಮ್ಮನೆ ಕೂತಿರುತ್ತೇನೆ.